ಓಡದವನ ಕೈಗೆ ಬಿದ್ದ ಕೋಳ

ನಾನು ಒಂದು ಕೈಕೋಳ. ಉಕ್ಕಿನ ಎರಡು ಬಳೆ, ನಡುವೆ ಗಿಡ್ಡ ಸರಪಳಿ, ಜೊತೆಗೊಂದು ಪುಟಾಣಿ ಬೀಗದಕೈ. ನನ್ನ ಮೈಯೆಂದರೆ ಇಷ್ಟೇ. ಬೀಗಗಳಿಗೆ ಹೆಸರಾದ ಅಲಿಗಢದ ಇಕ್ಕಟ್ಟಾದ ಗಲ್ಲಿಯೊಂದರಲ್ಲಿ ಹುಟ್ಟಿದೆ. ನನ್ನನ್ನು ಉಜ್ಜಿ ಹೊಳಪು ಕೊಟ್ಟ ಮುದುಕ ಮೊದಲು ತನ್ನ ಕೈಗೇ ತೊಡಿಸಿಕೊಂಡು, ಎಳೆದು ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದ. ನನ್ನ ಜೊತೆ ಹುಟ್ಟಿದವರೆಲ್ಲ ಪೆಟ್ಟಿಗೆಗಳಲ್ಲಿ ಕುಳಿತು ಯಾವಯಾವುದೋ ಊರಿನ ಠಾಣೆಗಳಿಗೆ ಹೋದರು. ನನ್ನನ್ನು ಮಾತ್ರ ಬೆಂಗಳೂರಿನ ಗಾಂಧಿನಗರದ ಅಂಗಡಿಯವನೊಬ್ಬ ಕೊಂಡು ತಂದ. ಸಿನಿಮಾದವರಿಗೆ ಪೊಲೀಸ್ ಟೋಪಿ, ಲಾಠಿ, ಕಿರೀಟ, ಕತ್ತಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅದು. ಮರದ ಬಂದೂಕು, ರಬ್ಬರಿನ ಚಾಕು, ರಟ್ಟಿನ ಗದೆಗಳ ನಡುವೆ ನಾನೊಬ್ಬನೇ ಅಸಲಿ. ಆ ಜಂಬ ನನಗಿತ್ತು.

ಕೆಲವು ವರ್ಷ ನಾಯಕರ ಕೈಗೂ ಖಳನಾಯಕರ ಕೈಗೂ ಬಿದ್ದೆ. ಶಾಟ್ ಮುಗಿದ ಕೂಡಲೇ ಯಾರೋ ಓಡಿಬಂದು ಬಿಡಿಸುತ್ತಿದ್ದರು. ನಾನು ಯಾರನ್ನೂ ನಿಜವಾಗಿ ಹಿಡಿದಿಡಲಿಲ್ಲ, ಯಾರಿಗೂ ಕೇಡು ಮಾಡಲಿಲ್ಲ. ಈಗ ನೆನೆದರೆ ಅದೇ ನನ್ನ ಸುಖದ ಕಾಲ.

ಆಮೇಲೆ ಮುನಿಕೃಷ್ಣ ಬಂದ. ಶ್ರೀರಾಮಪುರದವನು, ಸಿನಿಮಾ ಫೈಟರ್. ನಾಯಕನ ಬದಲು ಕಟ್ಟಡದಿಂದ ಜಿಗಿಯುವುದು, ಗಾಜು ಒಡೆದುಕೊಂಡು ಬೀಳುವುದು ಅವನ ಕಸುಬು. ಒಂದು ಸಲ ಕೆಳಗೆ ಹಾಸಿದ್ದ ರಟ್ಟಿನ ಡಬ್ಬಗಳ ಪಕ್ಕಕ್ಕೆ ಬಿದ್ದು ಸೊಂಟ ಮುರಿದುಕೊಂಡ. ಎದ್ದು ಓಡಾಡುವಂತಾದರೂ ಜಿಗಿಯುವ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಅಂಥ ಹೊತ್ತಿನಲ್ಲಿ ಒಂದು ಟಿವಿ ಚಾನೆಲ್ಲು ಅವನನ್ನು ಕರೆಯಿತು. ಪೊಲೀಸರಿಗೆ ಸಿಗದೆ ತಲೆಮರೆಸಿಕೊಂಡವರನ್ನು ಹುಡುಕಿ ಹಿಡಿದುಕೊಡುವ ಕಾರ್ಯಕ್ರಮ, ಹೆಸರು ‘ಸಿಕ್ಕಿಬಿದ್ದ!’. ಮುನಿಕೃಷ್ಣನಿಗೆ ಕಪ್ಪು ಅಂಗಿ, ದಪ್ಪ ಬೂಟು, ಕಮಾಂಡರ್ ಎಂಬ ಬಿರುದು ಸಿಕ್ಕಿದವು. ಅಂಗಡಿಯವನಿಂದ ಅವನೇ ಕೊಂಡ ನಾನು ಅವನ ಸೊಂಟಕ್ಕೆ ಸಿಕ್ಕಿದೆ.

ಆ ಹಿಡಿಯುವ ಆಟ ಹೇಗೆ ನಡೆಯುತ್ತಿತ್ತೆಂದು ನನ್ನಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಪೊಲೀಸರು ಯಾರನ್ನೋ ಮೊದಲೇ ಹಿಡಿದಿರುತ್ತಿದ್ದರು. ನಿರ್ದೇಶಕಿ ವಿನುತಾ ಮೇಡಂಗೆ ಫೋನು ಬರುತ್ತಿತ್ತು. ನಾವು ವ್ಯಾನಿನಲ್ಲಿ ಹೋಗಿ ಅದೇ ಮನುಷ್ಯನನ್ನು ಇನ್ನೊಂದು ಸಲ ಹಿಡಿಯುತ್ತಿದ್ದೆವು. ಅವನು ಗೋಡೆ ಹಾರಬೇಕು, ಮುನಿಕೃಷ್ಣ ಬೆನ್ನಟ್ಟಬೇಕು, ಕೊನೆಗೆ ನಾನು ‘ಕ್ಲಿಕ್’ ಎನ್ನಬೇಕು. ಕಳ್ಳ ನಿಜ, ಕಳವು ನಿಜ, ಓಟ ಮಾತ್ರ ಸುಳ್ಳು. ಕಾರ್ಯಕ್ರಮದ ಕೊನೆಯಲ್ಲಿ ‘ಕೆಲವು ದೃಶ್ಯಗಳು ಮರುಸೃಷ್ಟಿ’ ಎಂದು ಇರುವೆಯಂಥ ಅಕ್ಷರಗಳು ಹಾದುಹೋಗುತ್ತಿದ್ದವು. ಓದುವಷ್ಟರಲ್ಲಿ ಸೋಪಿನ ಜಾಹೀರಾತು ಬಂದಿರುತ್ತಿತ್ತು.

ಬೀದಿಯಲ್ಲಿ ಜನ ಮುನಿಕೃಷ್ಣನನ್ನು ತಡೆದು ಕೇಳುತ್ತಿದ್ದರು: “ಅಣ್ಣಾ, ಅದು ನಿಜವಾಗ್ಲೂ ನಡೆಯುತ್ತಾ, ಇಲ್ಲ ಸೆಟ್ಟಿಂಗಾ?”

“ಸೆಟ್ಟಿಂಗ್ ಆಗಿದ್ರೆ ಮೊಣಕಾಲು ಹಿಂಗೆ ತರಚ್ತಿತ್ತೇನಪ್ಪ?” ಎಂದು ಅವನು ಪ್ಯಾಂಟು ಮೇಲೆತ್ತಿ ತೋರಿಸುತ್ತಿದ್ದ. ತರಚಿದ ಗಾಯ ನಿಜವೇ ಆಗಿರುತ್ತಿತ್ತು. ಅವನ ತಾಯಿ ಮುನಿಯಮ್ಮ ಪ್ರತಿ ಭಾನುವಾರ ಟಿವಿ ಮುಂದೆ ಕೂತು, “ಹುಷಾರು ಕಣೋ, ಚಾಕು ಇಟ್ಕೊಂಡಿರ್ತಾನೆ!” ಎಂದು ಕಿರುಚುತ್ತಿದ್ದಳು. ಮಗ ಪಕ್ಕದಲ್ಲೇ ಕೂತು ಮುದ್ದೆ ಉಣ್ಣುತ್ತಿರುತ್ತಿದ್ದ.

ಹೀಗಿರುವಾಗ ಜುಂಜಣ್ಣನ ವಿಷಯ ಬಂತು.

ಜುಂಜಣ್ಣ ಲಾರಿ ಡ್ರೈವರು, ಶಿರಾ ಆಚೆಯ ಒಂದು ಹಟ್ಟಿಯವನು. ಹಲವು ವರ್ಷಗಳ ಹಿಂದೆ ಹೆದ್ದಾರಿಯಲ್ಲಿ ಅವನ ಲಾರಿ ಸೈಕಲ್ ಸವಾರನೊಬ್ಬನಿಗೆ ಬಡಿದಿತ್ತು. ಆ ಮನುಷ್ಯ ಸತ್ತ. ಜನ ಸೇರುವ ಮುಂಚೆ ಜುಂಜಣ್ಣ ಲಾರಿ ಬಿಟ್ಟು ಓಡಿದ. ಆಮೇಲೆ ಪೊಲೀಸರಿಗೆ ಸಿಕ್ಕಿ, ಜಾಮೀನು ಪಡೆದು, ಒಂದೆರಡು ಸಲ ಕೋರ್ಟಿಗೆ ಹಾಜರಾಗಿ, ಭಯ ಬಿದ್ದು ಮತ್ತೆ ಓಡಿದ. ನಾಗಪುರದ ಕಡೆ ಗ್ಯಾರೇಜೊಂದರಲ್ಲಿ ಬೇರೆ ಹೆಸರಿಟ್ಟುಕೊಂಡು ಬದುಕಿದ. ಊರಿನಲ್ಲಿ ಅವನ ಹೆಂಡತಿ ಈರಕ್ಕ ಮಾವ ಚಿತ್ತಯ್ಯನನ್ನು ನೋಡಿಕೊಂಡಿದ್ದಳು. ಮಗ ಓಡಿದನೆಂಬ ಮಾತು ಮುದುಕನನ್ನು ಒಳಗೊಳಗೇ ತಿಂದಿತ್ತು. ಎದೆನೋವಿನಿಂದ ಹಾಸಿಗೆ ಹಿಡಿದಾಗ ಅವನು ಫೋನಿನಲ್ಲಿ ಮಗನಿಗೆ ಹೇಳಿದ್ದು ಒಂದೇ ಮಾತು: “ಮಾಡಿದ್ದು ಮಾಡಿದ್ದಾಯ್ತು. ಬಂದು ನಿಂತ್ಕೊ ಮಗಾ. ಓಡ್ಬ್ಯಾಡ.”

ಜುಂಜಣ್ಣ ಬಂದ. ಒಂದು ರಾತ್ರಿ ಮನೆಯಲ್ಲಿದ್ದು, ಬೆಳಗ್ಗೆ ಸ್ನಾನ ಮಾಡಿ, ಅಪ್ಪನ ಕಾಲಿಗೆ ಬಿದ್ದು ಹೊರಟ. ಠಾಣೆಯಲ್ಲಿ ಹೊಡೆದಾರೆಂಬ ಹೆದರಿಕೆಯಿಂದ ಈರಕ್ಕನೇ ನಮ್ಮ ಕಾರ್ಯಕ್ರಮಕ್ಕೆ ಫೋನು ಮಾಡಿದ್ದಳು. ಟಿವಿಯವರು ಎದುರಿಗಿದ್ದರೆ ಯಾರೂ ಕೈ ಮಾಡುವುದಿಲ್ಲವೆಂದು ಅವಳ ಲೆಕ್ಕ. ಪಾಪ, ಅವಳ ಲೆಕ್ಕ ತಪ್ಪೇನೂ ಆಗಿರಲಿಲ್ಲ. ಯಾರೂ ಹೊಡೆಯಲಿಲ್ಲ.

ಠಾಣೆಯಿಂದ ಸ್ವಲ್ಪ ದೂರದಲ್ಲಿ ನಮ್ಮ ವ್ಯಾನು ಅವನನ್ನು ತಡೆಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಬಟ್ಟೆಯ ಚೀಲ. ಮದುವೆಗೆ ಹೊರಟವನ ಹಾಗಿದ್ದ.

ವಿನುತಾ ಮೇಡಂ ನಯವಾಗಿಯೇ ಮಾತಾಡಿದಳು. “ನೋಡಿ, ನೀವು ಹೀಗೆ ನಡ್ಕೊಂಡು ಹೋಗಿ ಶರಣಾದ್ರೆ ನಮಗೆ ಎಪಿಸೋಡೇ ಆಗಲ್ಲ. ಆ ಜಾಲಿ ಮರಗಳ ಹಿಂದಿಂದ ಒಂದ್ಸಲ ಓಡಿ. ಆಮೇಲೆ ನಾವೇ ಠಾಣೆಗೆ ಕರ್ಕೊಂಡು ಹೋಗ್ತೀವಿ.”

ಜುಂಜಣ್ಣ ಚೀಲವನ್ನು ಎದೆಗವಚಿಕೊಂಡ. “ಬ್ಯಾಡ ಮೇಡಮ್ಮೋರೆ. ಓಡಲ್ಲ ಅಂತ ನಮ್ಮಪ್ಪಂಗೆ ಮಾತು ಕೊಟ್ಟಿವ್ನಿ.”

ಮೇಡಂ ಮೊದಲೇ ಕರೆಸಿದ್ದ ಸಬ್‌ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡು, “ಏನಿದ್ರೂ ಬೇಗ ಮುಗಿಸ್ಕೊಳ್ಳಿ. ಕೋಳ ಗೀಳ ನಾವು ಹಾಕಂಗಿಲ್ಲ, ಕೋರ್ಟು ಒಪ್ಪಲ್ಲ. ನಿಮ್ಮದೇ ಇದ್ರೆ ನೋಡ್ಕೊಳ್ಳಿ” ಎಂದು ಜೀಪಿನ ನೆರಳಿಗೆ ಸರಿದ.

ಆಗ ಮುನಿಕೃಷ್ಣ ಮುಂದೆ ಬಂದ. ಜುಂಜಣ್ಣನ ಹೆಗಲ ಮೇಲೆ ಕೈಯಿಟ್ಟ. “ಅಣ್ಣಾ, ಇದು ಸುಮ್ನೆ, ಸಿನಿಮಾ ಥರ. ನಾನೂ ಜೀವಮಾನವೆಲ್ಲಾ ಹಿಂಗೇ ಓಡಿದೀನಿ. ಓಡಿದ್ದು ಓಟ ಅಲ್ಲ, ಬಿದ್ದಿದ್ದು ಬೀಳೋದಲ್ಲ. ನಾನಿದೀನಲ್ಲ, ನಿಂಗೇನೂ ಆಗಲ್ಲ.”

ಆ ಮಾತಿನಲ್ಲಿ ಮೋಸವಿರಲಿಲ್ಲ. ಅವನು ನಂಬಿದ್ದನ್ನೇ ಹೇಳಿದ. ಅದಕ್ಕೇ ಜುಂಜಣ್ಣ ಅವನನ್ನು ನಂಬಿದ.

ಜುಂಜಣ್ಣ ಓಡಿದ. ಮೊದಲ ಸಲ ತುಂಬ ಮೆಲ್ಲಗೆ ಓಡಿದನೆಂದು ಮತ್ತೆ ಓಡಿಸಿದರು. ಮೇಲೆ ಡ್ರೋನು ಗುಂಯ್ಗುಟ್ಟಿತು. ಎರಡನೇ ಸಲ ಅವನಿಗೆ ಹಳೆಯ ಭಯವೇ ನೆನಪಾಯಿತೋ ಏನೋ, ಪ್ರಾಣ ಉಳಿಸಿಕೊಳ್ಳುವವನ ಹಾಗೆ ಓಡಿದ. ಮುನಿಕೃಷ್ಣ ಹಾರಿ ಅವನ ಸೊಂಟ ಹಿಡಿದು ಉರುಳಿಸಿದ. ಬಿಳಿ ಅಂಗಿ ಮಣ್ಣಾಯಿತು. ನಾನು ಅವನ ಮಣಿಕಟ್ಟಿಗೆ ಬಿದ್ದೆ. ಅವನ ನಾಡಿ ನನ್ನ ಉಕ್ಕಿಗೆ ಬಡಿಯುತ್ತಿದ್ದುದು ಸಿನಿಮಾದವರ ನಾಡಿಯ ಹಾಗಿರಲಿಲ್ಲ.

“ಸೂಪರ್!” ಎಂದಳು ವಿನುತಾ ಮೇಡಂ.

ಭಾನುವಾರ ಅದು ಪ್ರಸಾರವಾಯಿತು. ‘ವರ್ಷಗಟ್ಟಲೆ ಕಣ್ತಪ್ಪಿಸಿದ ಹಂತಕ ಮತ್ತೆ ಓಟ ಕಿತ್ತಾಗ!’ ಎಂದು ಕೆಂಪು ಅಕ್ಷರಗಳು ಕುಣಿದವು. ಆ ವಾರ ಚಾನೆಲ್ಲಿನಲ್ಲಿ ಕೇಕು ಕತ್ತರಿಸಿದರು.

ಸ್ವಲ್ಪ ದಿನದ ಮೇಲೆ ಈರಕ್ಕ ಶ್ರೀರಾಮಪುರದ ಮನೆ ಹುಡುಕಿಕೊಂಡು ಬಂದಳು. ನಾನು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದೆ. ಅವಳು ನನ್ನನ್ನು ನೋಡಿ ಕಣ್ಣು ಪಕ್ಕಕ್ಕೆ ತಿರುಗಿಸಿದಳು. ಮುನಿಯಮ್ಮ ಕೊಟ್ಟ ನೀರನ್ನೂ ಕುಡಿಯಲಿಲ್ಲ.

“ಜಾಮೀನು ಕೊಡಲ್ಲ ಅಂದ್ರು ಸಾರ್. ಮೊದ್ಲೂ ಓಡಿದ್ದ, ಹಿಡಿಯಕ್ಕೆ ಹೋದಾಗ್ಲೂ ಓಡಿದ್ದ, ಊರೆಲ್ಲಾ ಟಿವೀಲಿ ನೋಡೈತೆ, ಬಿಟ್ರೆ ಇನ್ನೊಂದ್ಸಲ ಓಡ್ತಾನೆ ಅಂತ ಸರ್ಕಾರಿ ವಕೀಲ್ರು ವಾದ ಮಾಡಿದ್ರು. ನೀವೇ ಹೇಳಿ, ಅವರು ಓಡಿದ್ರಾ?”

ಮುನಿಕೃಷ್ಣ ಎದ್ದು ನನ್ನನ್ನು ಮೊಳೆಯಿಂದ ತೆಗೆದು, ಅವಳ ಕಣ್ಣಿಗೆ ಬೀಳದಂತೆ ಹಿಡಿದುಕೊಂಡ.

“ನಮ್ಮ ಮಾವ ಅನ್ನ ಬಿಟ್ಟವ್ರೆ,” ಎಂದಳು ಈರಕ್ಕ. “ನನ್ನ ಮಗ ತಾನೇ ಹೋಗಿ ನಿಂತ್ಕೋತಾನೆ ಅಂತ ಹಟ್ಟಿಗೆಲ್ಲಾ ಹೇಳ್ಕೊಂಡಿದ್ರು. ಅವತ್ತು ಎಲ್ಲಾರನ್ನೂ ಕರೆದು ಕೂರಿಸ್ಕೊಂಡು ಟಿವಿ ನೋಡಿದ್ರು ಸಾರ್. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗ್ದೋರು ಈ ಕಡೆ ತಿರುಗೇ ಇಲ್ಲ.”

ಅವಳು ಹೋದ ಮೇಲೆ ಮುನಿಯಮ್ಮ ಮಗನ ಮುಖ ನೋಡಿದಳು. “ಹಂಗಾದ್ರೆ ಅದೆಲ್ಲಾ ಆಟವೇನೋ?” ಎಂದಳು. ಅವಳು ಮತ್ತೆ ಯಾವ ಭಾನುವಾರವೂ ಟಿವಿ ಹಾಕಲಿಲ್ಲ.

ಮುನಿಕೃಷ್ಣ ಮೊದಲು ವಿನುತಾ ಮೇಡಂ ಬಳಿ ಹೋದ. ಅದು ನಟನೆಯೆಂದು ಟಿವಿಯಲ್ಲಿ ಒಂದು ಮಾತು ಹೇಳಿಬಿಡಿ ಎಂದು ಬೇಡಿಕೊಂಡ.

“ಮರುಸೃಷ್ಟಿ ಅಂತ ಹಾಕಿದೀವಲ್ಲ ಮುನಿ, ಇನ್ನೇನು ಹೇಳ್ಬೇಕು? ಸೈಕಲ್‌ನವನು ಸತ್ತಿದ್ದು ನಟನೆನಾ? ಅವನ ಮನೆಯವರಿಗೆ ನಮ್ಮ ಎಪಿಸೋಡ್ ನೋಡಿ ಸಮಾಧಾನ ಆಯ್ತಂತೆ. ಅವರಿಗೆ ಹೋಗಿ ಹೇಳ್ತೀಯ, ಇದೆಲ್ಲಾ ಸುಳ್ಳು ಅಂತ?”

ಅವನು ಕಪ್ಪು ಅಂಗಿಯನ್ನು ಅವಳ ಮೇಜಿನ ಮೇಲಿಟ್ಟು ಎದ್ದುಬಂದ. ಜುಂಜಣ್ಣನ ವಕೀಲರನ್ನು ಕಂಡು, ಕೋರ್ಟಿನಲ್ಲಿ ನಿಜ ಹೇಳುತ್ತೇನೆಂದ. ಮಾರನೆಯ ದಿನವೇ ನನ್ನನ್ನು ಬ್ಯಾಗಿಗೆ ಹಾಕಿಕೊಂಡು ಶಿರಾ ಬಸ್ಸು ಹತ್ತಿದ.

ಚಿತ್ತಯ್ಯ ಗೋಡೆಗೆ ಮುಖ ಮಾಡಿಯೇ ಮಲಗಿದ್ದ. ಮುನಿಕೃಷ್ಣ ನೆಲದ ಮೇಲೆ ಕೂತು ನಡೆದದ್ದೆಲ್ಲ ಹೇಳಿದ. ನಿಮ್ಮ ಮಗ ಓಡಲ್ಲ ಅಂದ, ನಾನೇ ಓಡಿಸಿದೆ, ಅದು ಬರೀ ಶೂಟಿಂಗು ಎಂದ. ಮುದುಕ ಅಲುಗಲಿಲ್ಲ. ಕೊನೆಗೆ ಮುನಿಕೃಷ್ಣ ಬ್ಯಾಗಿನಿಂದ ನನ್ನನ್ನು ತೆಗೆದ. “ನೋಡಿ ತಾತ, ಪೊಲೀಸ್ನೋರ್ದಲ್ಲ, ಇದು ನಮ್ಮದೇ ಕೋಳ. ಸಿನಿಮಾ ಅಂಗಡೀದು.”

ಆಗ ಚಿತ್ತಯ್ಯ ತಿರುಗಿದ. ಕೈ ಚಾಚಿ ನನ್ನನ್ನು ತೆಗೆದುಕೊಂಡ. ತೂಕ ನೋಡಿದ. ಬಳೆಯನ್ನು ಒತ್ತಿದ. ನಾನು ಸುಮ್ಮನಿರಬಹುದಿತ್ತು. ರಬ್ಬರಿನ ಚಾಕುವಿನ ಹಾಗೆ ಬಾಗಬಹುದಿತ್ತು, ರಟ್ಟಿನ ಗದೆಯ ಹಾಗೆ ಹಗುರವಾಗಿರಬಹುದಿತ್ತು. ಆದರೆ ನಾನು ಹುಟ್ಟಿದ್ದೇ ಬೇರೆ ಥರ. ಗಟ್ಟಿಯಾಗಿ ‘ಕ್ಲಿಕ್’ ಎಂದೆ.

“ಇದು ಅಸಲಿ ಕೋಳ ಅಲ್ವೇನಪ್ಪಾ?” ಎಂದ ಮುದುಕ.

“ಹೌದು ತಾತ. ಅಸಲೀನೇ. ಆದ್ರೆ...”

“ಕಣ್ಣಾರೆ ನೋಡಿವ್ನಿ ಕಣಪ್ಪ. ಹೆಂಗೆ ಓಡ್ತಿದ್ದ! ಅಂಗೆ ಸುಳ್ಳುಸುಳ್ಳೇ ಓಡಕಾಯ್ತದಾ?” ಚಿತ್ತಯ್ಯ ನನ್ನನ್ನು ಮುನಿಕೃಷ್ಣನ ಕೈಗೆ ವಾಪಸು ಇಟ್ಟ. “ಈರಿ ಹೇಳ್ಕೊಟ್ಟು ಕಳ್ಸೌಳೆ. ನೀನೂ ಒಳ್ಳೆಯವನು, ಮುದುಕನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಬಂದಿದೀಯ. ಉಂಡು ಹೋಗು.”

ಅಷ್ಟು ಹೇಳಿ ಮತ್ತೆ ಗೋಡೆಯ ಕಡೆ ತಿರುಗಿದ.

ಕೋರ್ಟಿನಲ್ಲೂ ಮುನಿಕೃಷ್ಣನ ಮಾತನ್ನು ಸುಲಭಕ್ಕೆ ನಂಬಲಿಲ್ಲ. “ಇಷ್ಟು ದಿನ ಟಿವಿಯಲ್ಲಿ ನಟಿಸ್ತಿದ್ದೆ ಅಂತೀರ. ಈಗ ಇಲ್ಲಿ ನಟಿಸ್ತಿಲ್ಲ ಅಂತ ಹೇಗೆ ನಂಬೋದು?” ಎಂದು ಸರ್ಕಾರಿ ವಕೀಲರು ಕೇಳಿದಾಗ ಸುತ್ತಲಿದ್ದವರು ನಕ್ಕರು. ಆದರೂ ನ್ಯಾಯಾಧೀಶರು ಅವನ ಮಾತು ಕೇಳಿಸಿಕೊಂಡರು. ಸಬ್‌ಇನ್‌ಸ್ಪೆಕ್ಟರನ್ನೂ ಕರೆಸಿ ಕೇಳಿದರು. ವಾಯಿದೆಯ ಮೇಲೆ ವಾಯಿದೆ ಬಿದ್ದು ಕೊನೆಗೆ ಜಾಮೀನು ಸಿಕ್ಕಿತು. ಅಷ್ಟು ಹೊತ್ತಿಗೆ ಚಿತ್ತಯ್ಯನನ್ನು ಮಣ್ಣು ಮಾಡಿ ಆಗಿತ್ತು.

ಜುಂಜಣ್ಣ ಬಿಡುಗಡೆಯಾದ ದಿನ ಮುನಿಕೃಷ್ಣ ಜೈಲಿನ ಬಾಗಿಲಿಗೆ ಹೋಗಿದ್ದ. ಹಟ್ಟಿಯಿಂದ ಬಂದ ಮೇಲೆ ಅವನು ನನ್ನನ್ನು ಬ್ಯಾಗಿನಿಂದ ಹೊರಗೆ ತೆಗೆದಿರಲೇ ಇಲ್ಲ. ಅದೇ ಬ್ಯಾಗು ಅವನ ಹೆಗಲಲ್ಲಿತ್ತು, ಹಾಗಾಗಿ ಅಲ್ಲಿ ಆಡಿದ ಮಾತು ನನಗೆ ಕೇಳಿಸಿತು, ಅರ್ಧ ತೆರೆದ ಜಿಪ್ಪಿನ ಸಂದಿನಿಂದ ಎಲ್ಲ ಕಾಣಿಸಿತು. ಬೈಗುಳ ಬೀಳುತ್ತದೆಂದು ಅವನು ತಲೆ ತಗ್ಗಿಸಿ ನಿಂತಿದ್ದ. ಜುಂಜಣ್ಣ ಬೈಯಲಿಲ್ಲ.

“ನೀವು ಮನೆಗೆ ಹೋಗಿದ್ರಂತೆ. ಅಪ್ಪಂಗೆ ಎಲ್ಲಾ ಹೇಳಿದ್ರಂತೆ,” ಎಂದ. ಆಮೇಲೆ ಕೇಳಿದ: “ನಂಬಿದ್ರಾ?”

ಈರಕ್ಕ ಪಕ್ಕದಲ್ಲೇ ಇದ್ದಳು. ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು.

“ನಂಬಿದ್ರು,” ಎಂದ ಮುನಿಕೃಷ್ಣ. “ನನ್ನ ಮಗ ಓಡೋನಲ್ಲ, ನಂಗೊತ್ತಿತ್ತು ಅಂದ್ರು. ನಂಗೆ ಊಟ ಹಾಕಿಸಿ ಕಳ್ಸಿದ್ರು.”

ದನಿ ನಡುಗಲಿಲ್ಲ, ಕಣ್ಣು ತಪ್ಪಲಿಲ್ಲ. ಜುಂಜಣ್ಣ ಬಹಳ ಹೊತ್ತು ಅವನ ಕೈ ಹಿಡಿದುಕೊಂಡಿದ್ದು, “ಅಷ್ಟು ಸಾಕು ಬಿಡಿ ಸಾರ್” ಎಂದು ಹೆಂಡತಿಯ ಜೊತೆ ಬಸ್ಸಿನ ಕಡೆ ನಡೆದ.

ಈಗ ನಾನು ಮುನಿಕೃಷ್ಣನ ಮನೆಯ ಅಟ್ಟದ ಮೇಲೆ, ಅದೇ ಬ್ಯಾಗಿನೊಳಗೆ ಬಿದ್ದಿದ್ದೇನೆ. ಬೀಗದಕೈ ಎಲ್ಲೋ ಕಳೆದಿದೆ. ತೆರೆಯುವವರೂ ಇಲ್ಲ, ತೊಡಿಸುವವರೂ ಇಲ್ಲ. ಎಷ್ಟೋ ನಟರ ಕೈಯಲ್ಲಿದ್ದು ಎಷ್ಟೋ ನಟನೆ ನೋಡಿದವನು ನಾನು. ಜೈಲಿನ ಬಾಗಿಲಲ್ಲಿ ಆಡಿದ ಆ ಒಂದು ಸುಳ್ಳಿನಷ್ಟು ಚೆನ್ನಾದದ್ದನ್ನು ಯಾರೂ ಮಾಡಲಿಲ್ಲ. ಅದನ್ನು ನೋಡಲು ಕ್ಯಾಮೆರಾ ಇರಲಿಲ್ಲ, ಸದ್ಯ. ಅದು ಸರಿಯೋ ತಪ್ಪೋ ಹೇಳುವಷ್ಟು ತಿಳಿವಳಿಕೆ ನನಗಿನ್ನೂ ಬಂದಿಲ್ಲ. ತುಕ್ಕು ಮಾತ್ರ ಹಿಡಿದಿದೆ.