ಅಕ್ಕನ ಹೆಸರು

ಜನನ ನೋಂದಣಿ ಕಚೇರಿಯ ಮೂರನೇ ಕೌಂಟರಿನ ಗುಮಾಸ್ತೆಗೆ ಹೆಸರುಗಳ ಹುಚ್ಚು. ಜನನ ಪತ್ರದ ಜೊತೆ ಹೆಸರಿನ ಅರ್ಥವನ್ನೂ ಪುಕ್ಕಟೆ ಹೇಳಿ ಕಳಿಸುವವಳು. ಒಂದು ಕಡೆ ಹುಟ್ಟಿದ ವಾರವೇ ಹೆಸರಂತೆ, ಇನ್ನೊಂದು ಕಡೆ ಬದುಕಿರುವ ಹಿರಿಯರ ಹೆಸರಿಟ್ಟರೆ ಅಪಶಕುನವಂತೆ, ಸಾವಿನ ಕಣ್ಣು ತಪ್ಪಿಸಲು ಮುದ್ದು ಮಗುವನ್ನು ಕಸ, ತಿಪ್ಪೆ ಎಂದು ಕರೆಯುವವರೂ ಇದ್ದಾರಂತೆ. ಶುರುಹಚ್ಚಿಕೊಂಡಳೆಂದರೆ ಸರತಿಯಲ್ಲಿ ನಿಂತವರು ಗೊಣಗುವವರೆಗೂ ಬಿಡುವವಳಲ್ಲ. ತನ್ನ ಹೆಸರಿನ ಅರ್ಥವನ್ನು ಮಾತ್ರ ಯಾರಿಗೂ ಹೇಳಿದವಳಲ್ಲ. ನೂರು ಕಾಲ ಬಾಳುವವಳು ಎಂದು ಅದರರ್ಥ.

ಆ ಹೆಸರನ್ನು ಮೊದಲು ಇಟ್ಟದ್ದು ಅವಳ ಅಕ್ಕನಿಗೆ. ಅಕ್ಕ ಬಾಳಿದ್ದು ಎರಡೇ ವರ್ಷ. ಮರುವರ್ಷ ಇವಳು ಹುಟ್ಟಿದಾಗ ತೊಟ್ಟಿಲು, ಫ್ರಾಕು, ಹೆಸರು ಎಲ್ಲ ಮನೆಯಲ್ಲೇ ಇದ್ದವು. ಮತ್ತೆ ಕಚೇರಿಗೆ ಯಾರು ಅಲೆಯುತ್ತಾರೆಂದು ಅಪ್ಪ ಅಕ್ಕನ ಜನನ ಪತ್ರವನ್ನೇ ಶಾಲೆಗೆ ಕೊಟ್ಟುಬಿಟ್ಟ. ಐದು ವರ್ಷದವಳು ಕಾಗದದಲ್ಲಿ ಎಂಟಾದಳು. ಅದೇ ಕಾಗದದ ಮೇಲೆ ಓದು, ಮದುವೆ, ಕೊನೆಗೆ ಈ ನೌಕರಿ. ಊರ ಮಕ್ಕಳ ಹುಟ್ಟನ್ನೆಲ್ಲ ಬರೆದುಕೊಳ್ಳುವವಳ ಹುಟ್ಟೇ ಎಲ್ಲೂ ದಾಖಲಾಗಿಲ್ಲ! ಬಾಯಿಬಿಟ್ಟರೆ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ. ಮೂವತ್ತು ವರ್ಷದಿಂದ ಆ ಕುರ್ಚಿಯಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು.

ಅಂದು ಅವಳ ಮಗಳೇ ಹಸುಗೂಸನ್ನು ಎತ್ತಿಕೊಂಡು ಕೌಂಟರಿಗೆ ಬಂದಳು. ಮಗುವಿನ ಅರ್ಜಿಯಲ್ಲಿ ಹೆಸರು ತುಂಬಿ ಆಗಿತ್ತು. ಅದೇ ಹೆಸರು.

"ಅಜ್ಜಿ ಹಟ ಹಿಡಿದುಬಿಟ್ರಮ್ಮ. ನಿನ್ನ ಹೆಸರೇ ಇಡ್ಬೇಕಂತೆ."

"ಅದು ನನ್ನ ಹೆಸರಲ್ಲ ಕಣೇ."

ಮಗಳು ನಕ್ಕಳು. ಅಮ್ಮನ ಮುಖ ನೋಡಿ ಕಿಂಡಿಯತ್ತ ಬಾಗಿದಳು. ಗುಮಾಸ್ತೆ ಗಾಜಿನ ಕಿಂಡಿಗೆ ಬಾಯಿ ಹತ್ತಿರ ತಂದು, ಗಂಡನಿಗೂ ಹೇಳದೆ ಬಚ್ಚಿಟ್ಟದ್ದನ್ನು ಪಿಸುಗುಟ್ಟಿದಳು.

"ಮತ್ತೆ ನಿನ್ನ ಹೆಸರು ಏನಮ್ಮ?"

"ಇಟ್ಟಿದ್ರೆ ತಾನೇ!"

ಮಗಳು ಹೊಸ ಅರ್ಜಿ ಕೇಳಿ ಪಡೆದು, ಎರಡೂ ಮನೆತನದಲ್ಲಿ ಯಾರಿಗೂ ಇಲ್ಲದ ಹೆಸರೊಂದನ್ನು ಬರೆದಳು. ಅದರ ಅರ್ಥವೇನೆಂದು ಗುಮಾಸ್ತೆ ಕೇಳಲಿಲ್ಲ. ಸಂತೋಷದಲ್ಲಿ ಮೊಹರನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು.

ಗುಮಾಸ್ತೆ ಸಂಜೆ ಮನೆಗೆ ಬಂದವಳೇ, ಕಿಟಕಿ ಪಕ್ಕದ ಮಂಚದ ಮೇಲೆ ಕೂತಿದ್ದ ತನ್ನ ಅಮ್ಮನಿಗೆ ಹೇಳಿದಳು: "ಮಗುಗೆ ಬೇರೆ ಹೆಸರು ಬರೆಸಿದ್ವಿ ಅಮ್ಮ."

ಅಮ್ಮ ರೇಗುತ್ತಾಳೆಂದು ಕಾದದ್ದೇ ಬಂತು. ಅವಳು ಮೆಲ್ಲಗೆ ಕೇಳಿದಳು: "ಹಾಗಾದ್ರೆ ನಿನ್ನ ಕಾಲ ಆದ್ಮೇಲೆ ಅಕ್ಕನ್ನ ಕರೆಯೋರು ಯಾರೇ?"

ಊಟಕ್ಕೆ, ಜಡೆ ಹಾಕಲಿಕ್ಕೆ, ಜ್ವರ ಬಂದಾಗ ಹಣೆ ಮುಟ್ಟಲಿಕ್ಕೆ, ಐವತ್ತೈದು ವರ್ಷ ಅಮ್ಮ ಕರೆದದ್ದು ಯಾರನ್ನೆಂದು ಗುಮಾಸ್ತೆಗೆ ಅನುಮಾನವಿತ್ತು. ಈಗ ಅದೂ ಉಳಿಯಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಅಮ್ಮ ಅದೇ ಹೆಸರು ಹಿಡಿದು ಕೂಗಿದಳು. ಇವಳು ಓಗೊಡಲಿಲ್ಲ. ಮತ್ತೆ ಕೂಗಿದಳು. ಇವಳು ಹಲ್ಲು ಕಚ್ಚಿ ನಿಂತಳು. ಮೂರನೆಯ ಕೂಗಿನಲ್ಲಿ ಗಾಬರಿಯಿತ್ತು. ಕರೆದರೂ ಏಳದ ಮಗುವನ್ನು ಒಮ್ಮೆ ಕಂಡವಳ ಗಾಬರಿ.

ಗುಮಾಸ್ತೆ ನಲ್ಲಿ ನಿಲ್ಲಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಇಲ್ಲೇ ಇದೀನಮ್ಮ," ಎಂದಳು.