ಹಿಡಿ ಅಕ್ಕಿಯ ಡಬ್ಬಿ

ಒಲೆಯ ಮೇಲಿನ ಅಟ್ಟದಲ್ಲಿ, ಸೋರೆಬುರುಡೆಯೊಳಗೆ ಹುಳಿಗಟ್ಟುತ್ತಿದ್ದ ಹಂದಿ ಕೊಬ್ಬಿನ ವಾಸನೆ. ರುವಾತಿ ಹುಟ್ಟಿದಂದಿನಿಂದ ಅದರಲ್ಲೇ ಬೆಳೆದವಳು. ಶಾಲೆಗೆ ಹೊರಟರೆ ಅದೂ ಜಡೆಯಲ್ಲಿ ಕೂತು ಜೊತೆಗೆ ಬರುತ್ತಿತ್ತು. ಇವತ್ತು ಬತ್ತಂಬಾಂಗ್ ಪಟ್ಟಣದಿಂದ ಬಂದ ವ್ಯಾನು ಅವಳನ್ನು ಹಳ್ಳಿಯ ತಿರುವಿನಲ್ಲಿ ಇಳಿಸಿ ಧೂಳೆಬ್ಬಿಸಿ ಹೋದಾಗ, ನೆರೆಮನೆಯ ಚಾಂಥು ಅಜ್ಜಿಯ ಕಡೆಯಿಂದ ಹುಳಿಮೀನಿನ ಘಾಟು ಮೂಗಿಗೆ ಬಡಿಯಿತು. ಒಂದು ಗಳಿಗೆ ಮಿಜೋರಾಮಿನ ಗುಡ್ಡದ ಮೇಲಿನ ಅಮ್ಮನ ಅಡುಗೆಮನೆಯಲ್ಲೇ ನಿಂತಂತಾಯಿತು. ನಾಳೆ ಕ್ರಿಸ್‌ಮಸ್. ಅಲ್ಲಿ ಈಗ ಹಂದಿ ಕೊಯ್ಯುತ್ತಿರುತ್ತಾರೆ. ಇಲ್ಲಿ ಜನ ಭತ್ತ ಕೊಯ್ಯುತ್ತಿದ್ದರು.

ವೀಸಾದ ಕಾಗದಕ್ಕೆಂದು ಹೋಗಿ ಪಟ್ಟಣದಲ್ಲಿ ಎರಡು ದಿನ ಕಳೆದಿದ್ದಳು. ಚೀಲದಲ್ಲಿ ಜಾಮಿಗೆಂದು ಕೊಂಡ ಕೆಂಪು ಚೌಕಳಿಯ ಹೆಗಲುವಸ್ತ್ರವಿತ್ತು. ಮನಸ್ಸು ಬೇಡ ಬೇಡವೆನ್ನುತ್ತಿದ್ದರೂ ಕೊಂಡದ್ದು.

ಊರಿನ ಚರ್ಚಿನ ಸಭೆ ಅವಳನ್ನೂ ಜಾಮಿಯನ್ನೂ ದೇವರ ಕೆಲಸಕ್ಕೆಂದು ಒಟ್ಟಿಗೇ ಇಲ್ಲಿಗೆ ಕಳಿಸಿ ಎಂಟು ತಿಂಗಳಾಗಿತ್ತು. ಜಾಮಿ ಅದೇ ಊರಿನ ಇನ್ನೊಂದು ಮನೆಯ ಹುಡುಗಿ, ಅವಳಿಗಿಂತ ಎರಡು ವರ್ಷ ಚಿಕ್ಕವಳು. ಬಂದ ಮೂರೇ ತಿಂಗಳಲ್ಲಿ ಈ ದೇಶದ ಖ್ಮೇರ್ ಮಾತು ಕಲಿತಳು. ಗಿಟಾರು ಹಿಡಿದರೆ ಹಾದಿಹೋಕರೂ ಬೇಲಿಗೆ ಬಂದು ನಿಲ್ಲುತ್ತಿದ್ದರು. ನೀರು ಹೊರುವವಳು, ಪ್ರಾರ್ಥನೆಗೆ ಚಾಪೆ ಹಾಸುವವಳು, ಮಡಚಿಡುವವಳು ರುವಾತಿ, ಬಂದವರು ಕೇಳುತ್ತಿದ್ದುದು ಮಾತ್ರ "ಜಾಮಿ ಎಲ್ಲಿ?" ಅಂತ. ಹೋದ ವಾರ ಸ್ವಂತ ಅಮ್ಮನೇ ಫೋನಿನಲ್ಲಿ, "ಜಾಮಿ ಹಾಡಿ ಕಳಿಸಿದ್ಳಲ್ಲೇ, ಬೀದಿಯೋರೆಲ್ಲ ಕೂತು ಕೇಳಿದ್ವಿ. ಗಂಟಲು ಜೋಪಾನ ಅಂತ ಹೇಳು ಆ ಮಗೂಗೆ," ಎಂದಿದ್ದಳು. ರುವಾತಿ ಅವತ್ತು ನೆಗಡಿಯಲ್ಲಿ ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು. ಅಮ್ಮ ಅದನ್ನು ಕೇಳಲೇ ಇಲ್ಲ.

ಅವಳದೆಂದು ಇಲ್ಲಿದ್ದುದು ಒಂದೇ, ಬಿಸ್ಕತ್ತಿನ ಡಬ್ಬಿ. ಊರಲ್ಲಿ ಅಮ್ಮ ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ದೇವರ ಕೆಲಸಕ್ಕೆಂದು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಎಲ್ಲ ಮನೆಗಳಲ್ಲೂ ಹಾಗೆಯೇ. ಸಭೆಯ ಹೆಂಗಸರು ಬಂದು ಒಯ್ಯುವ ಆ ಹಿಡಿ ಹಿಡಿ ಅಕ್ಕಿಯಿಂದಲೇ ರುವಾತಿಯಂಥವರು ದೇಶ ದಾಟುವುದು. ಹಸಿದು ಸತ್ತರೂ ಯಾರೂ ಆ ಡಬ್ಬಿಗೆ ಕೈಹಾಕರು. ಇಲ್ಲಿಗೆ ಬಂದ ಮೊದಲ ಸಂಜೆ ಅನ್ನಕ್ಕಿಡುವಾಗ ಅವಳ ಕೈ ತಾನಾಗಿ ಒಂದು ಹಿಡಿ ಎತ್ತಿಟ್ಟಿತು. ಒಯ್ಯುವವರಿಲ್ಲದ ಅಕ್ಕಿ ಬೆಳೆಯುತ್ತ ಹೋಯಿತು. ಕ್ರಿಸ್‌ಮಸ್ ಬೆಳಿಗ್ಗೆ ಅದನ್ನು ಇಲ್ಲಿನ ಸಭೆಯ ಮುಂದಿಡಬೇಕು, ಇದು ಯಾರದು ಎಂದು ಪಾಸ್ಟರ್ ಕೇಳಬೇಕು. ಎಂಟು ತಿಂಗಳು ಅವಳು ಅದನ್ನೇ ನೆನೆದಿದ್ದಳು.

ಅವಳು ಬರುವಾಗ, ಕಂಬಗಳ ಮೇಲೆ ನಿಂತ ಅವರ ಮನೆಯ ಅಡಿಯಲ್ಲಿ ನಲವತ್ತು ಜನ ಕೂತು ಉಣ್ಣುತ್ತಿದ್ದರು. ಜಾಮಿ ಸೌಟು ಹಿಡಿದು ಓಡಾಡುತ್ತಿದ್ದಳು.

"ಬಾಮ್ಮ ರುವಾತಿ," ಎಂದರು ಪಾಸ್ಟರ್ ಸಾಮ್ನಾಂಗ್. "ಮಕ್ಕಳ ಹಾಡು ಕೇಳೋಕೆ ಹದಿನೈದು ಜನ ಬರ್ತಾರೆ ಅಂದ್ಕೊಂಡಿದ್ವಿ. ಕೊಯ್ಲಿನೋರೆಲ್ಲ ಗದ್ದೆಯಿಂದ ಹಂಗೇ ಬಂದುಬಿಟ್ರು. ನಿನ್ನ ತಂಗಿ ಒಬ್ಬರನ್ನೂ ಹಸಿದು ಕಳಿಸಲಿಲ್ಲ ನೋಡು. ಐದು ರೊಟ್ಟಿ ಎರಡು ಮೀನಲ್ಲಿ ಸಾವಿರಾರು ಜನ ಉಂಡ ಬೈಬಲ್ ಕತೆ ಕಣ್ಣಾರೆ ಕಂಡಂಗಾಯ್ತು."

"ಜಾಮೀನ ನಮ್ಮನೆ ಸೊಸೆ ಮಾಡ್ಕೋತೀನಿ," ಎಂದಳು ಮಗ್ಗದ ಸ್ರೇನೂ, ಬಟ್ಟಲು ನೆಕ್ಕುತ್ತ. "ನಿನ್ನೂ ಮಾಡ್ಕೋಬಹುದಿತ್ತು ಕಣೆ, ಒಂದಿನ ನಕ್ಕಿದ್ರೆ."

ಎಲ್ಲರೂ ನಕ್ಕರು. ರುವಾತಿ ಏಣಿ ಹತ್ತಿ ಮೇಲೆ ಹೋದಳು. ಕಿಟಕಿಯ ದಂಡೆಯ ಮೇಲೆ ಡಬ್ಬಿ ತೊಳೆದು ಬೋರಲು ಹಾಕಿತ್ತು.

ಸೌಟು ಹಿಡಿದೇ ಜಾಮಿ ಹಿಂದೆ ಬಂದಳು. "ಅಕ್ಕಾ, ಬೈಬೇಡ."

"ಅದು ಹಿಡಿ ಅಕ್ಕಿ ಅಂತ ಗೊತ್ತಿರಲಿಲ್ವಾ ನಿಂಗೆ?"

"ಗೊತ್ತಿತ್ತು."

"ನೀನು ಊರಲ್ಲಿ ಹಿಂಗೆ ಕೈಹಾಕಿದ್ರೆ ನಿಮ್ಮಮ್ಮ ಬೆರಳು ಮುರೀತಿದ್ರಾ ಇಲ್ವಾ?"

"ಮುರೀತಿದ್ರು." ಜಾಮಿ ಸೌಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಏನ್ ಮಾಡ್ಲಿ ಅಕ್ಕ, ತಪ್ಪಲೆ ತಳ ಕಾಣ್ತಿತ್ತು, ಜನ ಕೂತಿದ್ರು. ಯಾರಿಗಾದ್ರೂ ಕೊಡೋಕೆ ತಾನೆ ನೀನು ಇಟ್ಟಿದ್ದು?"

"ಹೌದು. ನಾನು ಕೊಡೋಕೆ."

ಆಡಿದ ಮೇಲೆ ಆ ಮಾತು ಅವಳ ಕಿವಿಗೇ ಒರಟಾಗಿ ಕೇಳಿಸಿತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಎಂದಳು. ಹೊಸ ವಸ್ತ್ರವನ್ನು ಚಾಪೆಯ ಕೆಳಗೆ ತುರುಕಿ ಗೋಡೆಗೆ ಮುಖ ಮಾಡಿ ಮಲಗಿದಳು. ಕೆಳಗೆ ಜಾಮಿಯ ಹಾಡು ಶುರುವಾಯಿತು. ಇವತ್ತಾದರೂ ಶ್ರುತಿ ತಪ್ಪಲಿ ಎಂದು ಕಿವಿಗೊಟ್ಟಳು. ತಪ್ಪಲಿಲ್ಲ.

ಇಳಿಬಿಸಿಲು ಹಲಗೆಯ ಸಂದಿಯಿಂದ ಒಳಗೆ ಬರುವ ಹೊತ್ತಿಗೆ ಜನ ಕರಗಿದರು. ಏಣಿ ಕಿರುಗುಟ್ಟಿತು. ಮೊದಲು ಹುಳಿಮೀನಿನ ವಾಸನೆ ಬಂತು, ಆಮೇಲೆ ಚಾಂಥು ಅಜ್ಜಿಯ ಬೋಳು ತಲೆ. ಅಜ್ಜಿ ತಲೆ ಬೋಳಿಸಿಕೊಂಡು ಬೌದ್ಧರ ಪಗೋಡಕ್ಕೆ ನಡೆದುಕೊಳ್ಳುವವಳು, ಸಭೆಯ ಕಡೆ ಬಂದವಳೇ ಅಲ್ಲ. ಇವತ್ತು ಮಾತ್ರ ಊಟಕ್ಕೆ ಬಂದಿದ್ದಳು. ಕೈಯಲ್ಲಿ ಮುಚ್ಚಿದ ಬಟ್ಟಲಿತ್ತು.

"ನಿನ್ನ ಅಕ್ಕಿ ಉಂಡೆ ಕಣೆ," ಎಂದಳು, ಉಸಿರು ಬಿಡುತ್ತ ಕೂತು.

ರುವಾತಿ ಎದ್ದು ಕೂತಳು. "ಜಾಮಿ ಹೇಳಿದ್ಳಾ?"

"ಅವಳಿಗೆ ಉಸಿರಾಡೋಕೆ ಎಲ್ಲಿತ್ತು ಪುರುಸೊತ್ತು? ಹಲ್ಲು ಹೇಳ್ತು. ಇರೋದು ನಾಕೇ, ಆದ್ರೂ ಹೇಳ್ತು. ಒಂದೇ ಚೀಲದ ಅಕ್ಕಿ ಒಂದೇ ಹದಕ್ಕೆ ಬೇಯುತ್ತೆ. ಈ ಗಂಜೀಲಿ ಒಂದು ಕಾಳು ಕರಗಿದೆ, ಪಕ್ಕದ್ದು ಕಲ್ಲಿನ ಹಂಗೆ ನಿಂತಿದೆ. ಹಳೇದು, ಹೊಸದು, ನುಚ್ಚು, ಎಲ್ಲಾ ಇದೆ. ಹಿಡಿ ಹಿಡಿ ಕೂಡಿಟ್ಟದ್ದು ಹಂಗೇ ಬೇಯೋದು." ಅಜ್ಜಿ ಕಿಟಕಿಯ ಕಡೆ ಗಲ್ಲ ತಿರುಗಿಸಿದಳು. "ನಿಮ್ಮ ಕಿಟಕಿ ನನ್ನ ಜಗಲಿಗೆ ಎದುರು. ದಿನಾ ನೋಡ್ತಿದ್ದೆ ನಿನ್ನ."

ರುವಾತಿ ಬೋರಲು ಹಾಕಿದ್ದ ಡಬ್ಬಿಯ ಕಡೆ ನೋಡಿದಳು.

"ಜನಾನ ಗದ್ದೆಗೆ ಅಟ್ಟಿ ಉಪವಾಸ ದುಡಿಸಿ ಕೊಂದ್ರಲ್ಲ, ಆ ಕೆಟ್ಟ ವರ್ಷಗಳಲ್ಲಿ ನಾನೂ ಇಡ್ತಿದ್ದೆ, ಸೊಂಟದ ಗಂಟಲ್ಲಿ. ಹಿಡೀನೂ ಇಲ್ಲ, ಚಿಟಿಕೆ. ಸಿಕ್ಕಿಬಿದ್ರೆ ತಲೆ ಹೋಗ್ತಿತ್ತು."

"ಯಾರಿಗೆ ಅಜ್ಜಿ?"

"ತಂಗಿಗೆ." ಅಜ್ಜಿ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದಳು. "ನನಗಿಂತ ಚೆಂದ ಇದ್ಳು, ಮುಂಡೇದು. ಅವಳನ್ನ ಕಂಡ್ರೆ ಆಗ್ತಿರಲಿಲ್ಲ ನಂಗೆ."

ಬಟ್ಟಲನ್ನು ರುವಾತಿಯ ಕಡೆ ತಳ್ಳಿ, ಮೊಣಕಾಲು ಹಿಡಿದು ಎದ್ದು, ಏಣಿ ಇಳಿದು ಹೋದಳು.

ಮುಚ್ಚಳ ತೆಗೆದರೆ ಮತ್ತೆ ಬಿಸಿ ಮಾಡಿದ ಗಂಜಿ. ಮೇಲೆ ಅಜ್ಜಿಯ ಮನೆಯ ಹುಳಿಮೀನು, ಒಂದು ತುಂಡು ಹಂದಿ ಕೊಬ್ಬು. ಚಮಚ ಎರಡಿದ್ದವು.

ಕಿಟಕಿಯಿಂದ ಕೆಳಗೆ ನೋಡಿದಳು. ಜಾಮಿ ಒಬ್ಬಳೇ ಕುಕ್ಕರುಗಾಲಲ್ಲಿ ಕೂತು ತಪ್ಪಲೆಯ ತಳ ಕೆರೆಯುತ್ತಿದ್ದಳು. ಕೆರೆದ ಸೀಕನ್ನು ಒಮ್ಮೆ ನೋಡಿ ಬಾಯಿಗೆ ಹಾಕಿಕೊಂಡಳು.

ಬಟ್ಟಲು ಸುಡುತ್ತಿತ್ತು. ರುವಾತಿ ಚಾಪೆಯ ಕೆಳಗಿಂದ ಕೆಂಪು ವಸ್ತ್ರವನ್ನು ಎಳೆದು, ಅದರಲ್ಲಿ ಬಟ್ಟಲನ್ನು ಹಿಡಿದುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿದಳು. ಕೊನೆಯ ಮೆಟ್ಟಿಲಲ್ಲಿ ನಿಂತು, ಕೊಬ್ಬಿನ ತುಂಡನ್ನು ಚಮಚದಿಂದ ತನ್ನ ಬದಿಗೆ ಎಳೆದುಕೊಂಡಳು. ಆಮೇಲೆ, ಒಂದು ಚಮಚವನ್ನು ತನ್ನ ಕೈಯಲ್ಲೇ ಉಳಿಸಿಕೊಂಡು, ವಸ್ತ್ರದ ಸಮೇತ, ಬಟ್ಟಲನ್ನು ಜಾಮಿಯ ಮಸಿ ಹತ್ತಿದ ಕೈಗಳಿಗೆ ಕೊಟ್ಟಳು.