ಒಟ್ಲಿಗೆ ಇಳಿಯಬಾರದವನು

“ಮಂಕರಿ ಕೆಳಗಿಡ್ಲಾ, ಬೀಜ ಒಡಸ್ಕಂಡ್ ಬಂದ ನನ್ಮಗ್ನೆ. ನನ್ ಒಟ್ಲಿಗೆ ಕಾಲಿಟ್ರೆ ಮುರುದ್ಬುಡ್ತೀನಿ. ನೀ ಚೆಲ್ಲಿದ್ ಭತ್ತ ಜೊಳ್ಳಾಯ್ತದೆ ಕಣ್ಲಾ.”

ಬದುವಿನ ಮೇಲೆ ನಿಂತು ಚಿಕ್ಕಸ್ವಾಮಿ ಗೌಡರು ಹೀಗೆ ಬೈದಾಗ ನನ್ನ ಗಂಡ ಕನಕರಾಜು ಬುಟ್ಟಿಯಲ್ಲಿದ್ದ ಮೊಳಕೆ ಬಂದ ಭತ್ತವನ್ನು ಇನ್ನೂ ಒಂದು ಹಿಡಿ ಕೂಡ ಎರಚಿರಲಿಲ್ಲ. ನಾಲೆಗೆ ನೀರು ಬಿಟ್ಟ ಕೂಡಲೇ ಬೆಳಗೊಳದ ಅರ್ಧ ಊರು ಸಸಿಮಡಿಗೆ, ಅಂದರೆ ನಮ್ಮ ಮಾತಿನ ಒಟ್ಲಿಗೆ, ಭತ್ತ ಚೆಲ್ಲಲು ಅವನನ್ನೇ ಕರೆಯುತ್ತದೆ. ಅವನ ಕೈ ಅಷ್ಟು ಸಮ. ಈ ಕೆಲಸ ತಪ್ಪಿದರೆ ಅವನಿಗೆ ಊರಲ್ಲಿ ಉಳಿಯುವುದು ಗೊಬ್ಬರ ಹೊರುವುದು ಮಾತ್ರ.

ಗೌಡರಿಗೆ ಹೋರಿಗೆ ಬೀಜ ಒಡೆಯುವುದೂ ಒಂದೇ, ಗಂಡಸಿಗೆ ಆಪರೇಷನ್ ಮಾಡುವುದೂ ಒಂದೇ. ಆದರೆ ಇವರ ಕಿವಿಗೆ ಊದಿದವರು ಯಾರು? ನಾನು ನನ್ನ ಗೆಳತಿ ಲತಳ ಕಡೆ ನೋಡಿದೆ. ಅವಳು ಗಂಡ ರಾಮುವಿನ ಜೊತೆ ಕೆಸರಿನಲ್ಲಿ ಬಗ್ಗಿ ಪಾತಿ ಸವರುತ್ತಿದ್ದಳು, ತಲೆ ಎತ್ತಲಿಲ್ಲ. ಆಸ್ಪತ್ರೆಗೆ ನಮ್ಮ ಜೊತೆ ಬಂದವಳು ಅವಳೊಬ್ಬಳೇ.

ಮೂರನೇ ಹೆರಿಗೆಯಲ್ಲಿ ನಾನು ಸತ್ತು ಬದುಕಿದ್ದೆ. ಇನ್ನೊಂದು ಸಲ ಹೊಟ್ಟೆ ಕೊಯ್ಯುವ ಹಾಗಿಲ್ಲ ಎಂದರು ಡಾಕ್ಟರು. “ಅವ್ಳನ್ ಬುಟ್ಬುಡಿ, ನಂಗೇ ಮಾಡಿ” ಎಂದು ಇವನು ಮಂಚ ಹತ್ತಿದ. ಮಕ್ಕಳಾಗದ ಹಾಗೆ ನಾಳ ಕಟ್ಟಿದರು, ಅಷ್ಟೇ. ಸಂಜೆಗೆ ಬಸ್ಸಿನಲ್ಲಿ ವಾಪಸು ಬಂದೆವು. ಮೂರು ತಿಂಗಳು ಬಿಟ್ಟು ಪರೀಕ್ಷೆ ಮಾಡಿ, ಇನ್ನು ಭಯವಿಲ್ಲ ಎಂದರು. ಯಾರಿಗೂ ಹೇಳಬಾರದೆಂದು ಲತಳಿಂದ ಆಣೆ ಹಾಕಿಸಿಕೊಂಡಿದ್ದೆ. ಹಾಳಾದವಳು.

ಗೌಡರ ತಾಯಿ ಸೋಮಮ್ಮ ಪೂಜೆಯ ತಟ್ಟೆ ಹಿಡಿದು ಬಂದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಲ್ಲ ಕಣೇ, ಗಂಡನ್ನ ಅಂಗ್ ಮಾಡ್ಸ್ಬುಟ್ಟು ನೀನ್ ಯಾವನ್ ತಾವ್ ಓಗ್ಬೇಕು ಅಂತಿದ್ದೀಯೆ? ನಾಳೆ ಬಸ್ರಾದ್ರೆ ಯಾರ್ ಎಸ್ರು ಯೋಳೀಯೆ?”

ಕನಕರಾಜು ಮಂಕರಿಯ ಕಡೆಗೇ ನೋಡುತ್ತಾ ನಿಂತಿದ್ದ. ನಾನೇ ಮುಂದೆ ಬಂದು ನಿಂತೆ.

“ಅವ್ವಾರೆ, ಇವ್ನು ಮಾಡಿಸ್ಕಂಡಿದ್ದು ಓದ್ವರ್ಸ ಯುಗಾದೀಲಿ. ಆಮೇಲೆ ಈ ಒಟ್ಲಿಗೆ ಚೆಲ್ದೋನು ಇವ್ನೇ. ಸಂಕ್ರಾಂತಿಯಿಂದ ನೀವು ಉಣ್ತಾ ಇರೋದು ಅದೇ ಅನ್ನ. ನಿಮ್ ಮೊಮ್ಮಗೀಗೆ ಮೊದಲ್ನೇ ತುತ್ತು ಇಕ್ಕಿದ್ದೂ ಅದ್ನೇಯ.”

ಗೌಡರು ಬದು ಇಳಿದು ಬಂದು ಮಂಕರಿಯನ್ನು ಕಿತ್ತುಕೊಂಡರು. ಮೊಳಕೆ ಬಂದ ಭತ್ತ ನಾಳೆಯವರೆಗೆ ಕಾಯುವುದಿಲ್ಲ, ಅದು ಅವರಿಗೂ ಗೊತ್ತು.

“ಲೇ ರಾಮ, ಬಾರ್ಲಾ ಇಲ್ಲಿ. ನೀನ್ ಚೆಲ್ಲು.”

ರಾಮು ಚಡ್ಡಿಗೆ ಕೈ ಒರೆಸಿಕೊಂಡ. ಕನಕರಾಜುವನ್ನು ಒಂದು ಸಲ ನೋಡಿದ.

“ನಂದೂ ಆಗದೆ ಗೌಡ್ರೆ.”

“ಏನ್ಲಾ ಆಗಿರೋದು?”

“ಅದೇಯ, ಆಪ್ರೇಸನ್ನು. ಎಲ್ಡ್ ವರ್ಸಾಯ್ತು.”

ರಾಮು ಆಸ್ಪತ್ರೆಯ ಮೆಟ್ಟಿಲು ಹತ್ತಿದವನೇ ಅಲ್ಲ ಎಂದು ನನಗೆ ಗೊತ್ತಿತ್ತು. ಸೋಮಮ್ಮ ಗಕ್ಕನೆ ಲತಳ ಕಡೆ ತಿರುಗಿದರು. ಬಗ್ಗಿದ್ದ ಲತ ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾದಳು. ಆರು ತಿಂಗಳ ಹೊಟ್ಟೆ. ಸೆರಗು ಎಳೆದು ಮುಚ್ಚಿಕೊಳ್ಳಲಿಲ್ಲ.

“ಊ ಕಣವ್ವಾರೆ” ಎಂದಳು. “ನಾನೇ ಕರ್ಕಂಡೋಗಿದ್ದೆ.”